ಕೊಡಂಬಲಕ್ಕೆ ಕಾಗದ ಬಂದ ದಾರಿ, ಮೊಬೈಲಿಗೆ ವಿಡಿಯೊ ಬರುವ ದಾರಿ

ಹಳೇ ಟ್ರಂಕು ತೆಗೆದರೆ ನಮ್ಮ ಕಡೆಯ ಕೆಲವು ಮನೆಗಳಲ್ಲಿ ಇನ್ನೂ ಅಂಚೆ ಕಾರ್ಡುಗಳು ಸಿಗುತ್ತವೆ. ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದವರು ಮನೆಗೆ ಬರೆದವು. ಮೊದಲು ಹೆಸರು, ಅದರ ಕೆಳಗೆ ‘ಮು. ಪೋ. ಕೊಡಂಬಲ, ತಾ. ಹುಮನಾಬಾದ, ಜಿ. ಬೀದರ’. ಅಷ್ಟು ಬರೆದರೆ ಸಾಕು, ಕಾರ್ಡು ಬರುತ್ತಿತ್ತು.

ಈಗ ಯೋಚನೆ ಮಾಡಿ. ಪುಣೆಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನಿಗೆ ಕೊಡಂಬಲ ಎಲ್ಲಿದೆ ಎಂದು ಗೊತ್ತಿತ್ತೇ? ಇರಲಿಲ್ಲ. ಗೊತ್ತಿರುವ ಅಗತ್ಯವೂ ಇರಲಿಲ್ಲ. ಅವನು ನೋಡುತ್ತಿದ್ದದ್ದು ಕೊನೆಯ ಸಾಲನ್ನು ಮಾತ್ರ: ಬೀದರ. ಬೀದರ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಬೀದರದವನು ತಾಲ್ಲೂಕು ನೋಡುತ್ತಿದ್ದ. ಹುಮನಾಬಾದದವನು ಊರು ನೋಡುತ್ತಿದ್ದ. ಊರಿನ ಪೋಸ್ಟ್‌ಮನ್ ಹೆಸರು ನೋಡುತ್ತಿದ್ದ. ದೂರದವನಿಗೆ ಸ್ವಲ್ಪ ಗೊತ್ತಿದ್ದರೆ ಸಾಕು, ಹತ್ತಿರದವನಿಗೆ ಪೂರ್ತಿ ಗೊತ್ತಿರಬೇಕು. ದೊಡ್ಡ ದೇಶದ ಅಂಚೆ ನಡೆದದ್ದು ಈ ಒಂದು ಉಪಾಯದ ಮೇಲೆ.

ಇವತ್ತು ನಿಮ್ಮ ಮೊಬೈಲಿಗೆ ವಿಡಿಯೊ ಬರುವುದೂ ಇದೇ ಉಪಾಯದಿಂದ. ಆದರೆ ಇಂಟರ್ನೆಟ್ ಕಟ್ಟಿದವರಿಗೆ ಇದನ್ನು ಸರಿಯಾಗಿ ಅಳವಡಿಸಿಕೊಳ್ಳಲು ಬಹಳ ವರ್ಷ ಹಿಡಿಯಿತು. ಇನ್ನೊಂದು ತೊಡಕು ಇನ್ನೂ ಪೂರ್ತಿ ಬಿಡಿಸಿಲ್ಲ. ಆ ತೊಡಕಿನ ಬಿಸಿ ನಮ್ಮಂಥ ಊರಿನವರಿಗೂ ತಟ್ಟುತ್ತದೆ. ಅದಕ್ಕೇ ಈ ಕಥೆ.

ಆರು ಅಂಕಿಯ ಪಿನ್‌ಕೋಡ್

ನಮ್ಮ ಭಾಗದಲ್ಲಿ ಊರು ಕದಲದೆ ವಿಳಾಸ ಬದಲಾಗುವುದು ಹೊಸತಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. 1869ರಿಂದ ತನ್ನದೇ ಅಂಚೆಚೀಟಿಯೂ ಇತ್ತು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಆ ಅಂಚೆಯೂ ಭಾರತದ ಅಂಚೆಯಲ್ಲಿ ಕೂಡಿಕೊಂಡಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಈಚೆಗೆ ಚಿಟಗುಪ್ಪಾ, ಹುಲಸೂರು, ಕಮಲನಗರ ಹೊಸ ತಾಲ್ಲೂಕುಗಳಾದಾಗ ಮತ್ತೆ ಎಷ್ಟೋ ಹಳ್ಳಿಗಳ ‘ತಾ.’ ಸಾಲು ಬದಲಾಯಿತು. ಹೊಲ ಅಲ್ಲೇ ಇದೆ, ಬಾವಿ ಅಲ್ಲೇ ಇದೆ. ಬದಲಾದದ್ದು ಕಾಗದದ ಮೇಲಿನ ಸಾಲು.

ಇದರ ಜೊತೆಗೆ ಒಂದೇ ಹೆಸರಿನ ಊರುಗಳು ಬೇರೆ, ಹತ್ತಾರು ಲಿಪಿಗಳು ಬೇರೆ. ಅಂಚೆಯವರಿಗೆ ತಲೆನೋವಾಗಿತ್ತು. ಕೇಂದ್ರ ಸಂಪರ್ಕ ಖಾತೆಯಲ್ಲಿ ಅಧಿಕಾರಿಯಾಗಿದ್ದ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಇದಕ್ಕೆ ಆರು ಅಂಕಿಯ ಪಿನ್‌ಕೋಡ್ ರೂಪಿಸಿದರು. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು.

ನಮ್ಮ ಪಿನ್‌ಕೋಡುಗಳನ್ನೇ ನೋಡಿ. ಬೀದರ 585401, ಹುಮನಾಬಾದ 585330, ಬಸವಕಲ್ಯಾಣ 585327. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. 56ರಿಂದ 59ರವರೆಗೆ ಕರ್ನಾಟಕ. 585 ಅಂದರೆ ಕಲಬುರಗಿ ಕಡೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಗಡಿ ದಾಟಿ ಉಮರ್ಗಾಕ್ಕೆ ಹೋದರೆ ಪಿನ್‌ಕೋಡ್ 4ರಿಂದ ಶುರು, ಜಹೀರಾಬಾದಿಗೆ ಹೋದರೆ 50ರಿಂದ. ಕೋಲ್ಕತ್ತಾದವನು 5 ನೋಡಿ ದಕ್ಷಿಣದ ಕಡೆ ಕಳಿಸಿದರೆ ಸಾಕು. ಉಳಿದ ಅಂಕಿ ಓದುವುದು ಮುಂದಿನವರ ಕೆಲಸ.

ಇಂಟರ್ನೆಟ್ಟಿನ ವಿಳಾಸ

ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಅದನ್ನು ಐಪಿ ವಿಳಾಸ ಅನ್ನುತ್ತಾರೆ. ಇಂದಿಗೂ ನಡೆಯುತ್ತಿರುವ ಹಳೆಯ ಪದ್ಧತಿಯ ನಿಯಮಗಳು ಹೊರಬಂದದ್ದು 1981ರ ಸೆಪ್ಟೆಂಬರ್‌ನಲ್ಲಿ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಈ ಪದ್ಧತಿಗೆ ಬದಲಾಯಿತು. ಅದರಲ್ಲಿ ಇರುವುದು ಒಟ್ಟು 429 ಕೋಟಿ 49 ಲಕ್ಷ 67 ಸಾವಿರ 296 ವಿಳಾಸ. ಆಗಿನ ಜಗತ್ತಿನ ಜನಸಂಖ್ಯೆಗಿಂತಲೂ ಸ್ವಲ್ಪ ಕಡಿಮೆ. ಆದರೆ ಆಗ ಕಂಪ್ಯೂಟರ್ ಇದ್ದದ್ದು ಸಂಶೋಧನಾ ಸಂಸ್ಥೆಗಳಲ್ಲಿ ಮತ್ತು ಸೇನೆಯಲ್ಲಿ. ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ಇರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ವಿಳಾಸ ಹಂಚಿದ ರೀತಿಯೂ ದೊಡ್ಡ ಕೈಯದು. ಮೂರು ದರ್ಜೆ ಮಾಡಿದರು. ಎ ದರ್ಜೆ ಸಿಕ್ಕವರಿಗೆ 1 ಕೋಟಿ 67 ಲಕ್ಷ ವಿಳಾಸ. ಬಿ ದರ್ಜೆಯವರಿಗೆ 65,536. ಸಿ ದರ್ಜೆಯವರಿಗೆ 256. ನಡುವೆ ಬೇರೆ ಅಳತೆಯೇ ಇಲ್ಲ. ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಗೆ ಎ ದರ್ಜೆಯ ಇಡೀ ತುಂಡು ಸಿಕ್ಕಿತ್ತು. ಎರಡು ಸಾವಿರ ಕಂಪ್ಯೂಟರ್ ಇರುವ ಕಾಲೇಜಿಗೆ 256 ಸಾಲದು, 65 ಸಾವಿರ ತೀರಾ ಹೆಚ್ಚು. ಎಂಟು ಎಕರೆ ಕೇಳಿದವನಿಗೆ ಒಂದು ಎಕರೆ ತಗೋ, ಇಲ್ಲ ಇನ್ನೂರೈವತ್ತು ಎಕರೆ ತಗೋ ಅಂದ ಹಾಗೆ. ಎಲ್ಲರೂ ಹೆಚ್ಚಿನದನ್ನೇ ತಗೊಂಡರು. ಬಹುಪಾಲು ಬೀಳು ಬಿದ್ದಿತು.

ಹುಮನಾಬಾದ ಸರ್ಕಲ್ಲಿನ ಬೋರ್ಡು

ವಿಳಾಸ ಮುಗಿಯುವುದು ಒಂದು ಸಮಸ್ಯೆ. ದಾರಿ ತೋರಿಸುವುದು ಇನ್ನೊಂದು, ಹೆಚ್ಚು ದೊಡ್ಡ ಸಮಸ್ಯೆ.

ಹುಮನಾಬಾದ ಕೂಡು ದಾರಿಯ ಊರು. ಪುಣೆ–ಹೈದರಾಬಾದ್ ಹೆದ್ದಾರಿ ಇಲ್ಲಿ ಹಾಯುತ್ತದೆ, ಬೀದರ–ಕಲಬುರಗಿ ರಸ್ತೆಯೂ ಇಲ್ಲೇ ಹಾಯುತ್ತದೆ. ಅಲ್ಲಿನ ಬೋರ್ಡಿನ ಮೇಲೆ ನಾಲ್ಕೈದು ಹೆಸರಿದ್ದರೆ ಸಾಕು: ಸೋಲಾಪುರ ಈ ಕಡೆ, ಹೈದರಾಬಾದ್ ಆ ಕಡೆ, ಬೀದರ ಹೀಗೆ, ಕಲಬುರಗಿ ಹಾಗೆ. ಇಡೀ ದೇಶದ ಒಂದೊಂದು ಹಳ್ಳಿಯ ಹೆಸರನ್ನೂ ಆ ಬೋರ್ಡಿನ ಮೇಲೆ ಬರೆಯಬೇಕು ಅಂದರೆ? ಬೋರ್ಡು ಊರಿಗಿಂತ ದೊಡ್ಡದಾಗುತ್ತದೆ. ಲಾರಿ ಡ್ರೈವರ್ ಓದುವಷ್ಟರಲ್ಲಿ ಕತ್ತಲಾಗುತ್ತದೆ.

ಇಂಟರ್ನೆಟ್ಟಿನ ಕೂಡು ದಾರಿಯಲ್ಲಿ ಕೂತ ಯಂತ್ರವೇ ರೂಟರ್. ಅದರೊಳಗೂ ಇಂಥದೇ ಬೋರ್ಡು ಇದೆ: ಈ ಸಂಖ್ಯೆಗಳಿಗೆ ಈ ಕಡೆ, ಆ ಸಂಖ್ಯೆಗಳಿಗೆ ಆ ಕಡೆ. ಬೇರೆ ಬೇರೆ ಸಂಸ್ಥೆಗಳ ಜಾಲಗಳು ಒಂದಕ್ಕೊಂದು ‘ಈ ವಿಳಾಸಗಳು ನನ್ನ ಕಡೆ ಇವೆ’ ಎಂದು ಹೇಳಿಕೊಳ್ಳುವ ಭಾಷೆಗೆ ಬಿಜಿಪಿ ಎಂದು ಹೆಸರು. 1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಸಭೆಗೆ ಸೇರಿದ್ದ ಎಂಜಿನಿಯರುಗಳು ಊಟದ ಹೊತ್ತಿನಲ್ಲಿ, ಕೈ ಒರೆಸುವ ಕಾಗದದ ಮೇಲೆ ಇದರ ಮೊದಲ ನಕ್ಷೆ ಬರೆದರು. ಸದ್ಯಕ್ಕೆ ನಡೆಯಲಿ ಎಂದು ಬರೆದದ್ದು ಅದು. ಅದರ ಮುಂದಿನ ರೂಪವೇ ಇಂದಿಗೂ ಜಗತ್ತಿನ ಇಂಟರ್ನೆಟ್ಟನ್ನು ಹೊತ್ತು ನಡೆಸುತ್ತಿದೆ.

1990ರ ದಶಕದ ಆರಂಭದಲ್ಲಿ ಎರಡು ಕಡೆಯಿಂದಲೂ ಗಂಟೆ ಬಾರಿಸಿತು. ಬಿ ದರ್ಜೆಯ ತುಂಡುಗಳು ಮುಗಿಯುತ್ತಾ ಬಂದವು. ಅದರ ಬದಲು ಎಂಟೆಂಟು ಸಿ ತುಂಡು ಕೊಡೋಣ ಅಂದರೆ ಪ್ರತಿಯೊಂದಕ್ಕೂ ಬೋರ್ಡಿನಲ್ಲಿ ಬೇರೆ ಸಾಲು. ರೂಟರುಗಳ ನೆನಪು ತುಂಬಿಹೋಗುವ ಭಯ. 1993ರಲ್ಲಿ ದರ್ಜೆಗಳನ್ನೇ ತೆಗೆದುಹಾಕಿದರು. ಎಷ್ಟು ಬೇಕೋ ಅಷ್ಟು ಅಳತೆಯ ತುಂಡು, ಅಕ್ಕಪಕ್ಕದ ಸಂಖ್ಯೆಗಳು ಒಂದೇ ಕಡೆಗೆ, ದೂರದವರಿಗೆ ಒಂದೇ ಸಾಲು. ಈ ಪದ್ಧತಿಗೆ ಸಿಐಡಿಆರ್ ಎಂದು ಹೆಸರು. 585 ನೋಡಿದರೆ ಸಾಕು, ಉಳಿದದ್ದು ಕಲಬುರಗಿಯವರು ನೋಡಿಕೊಳ್ಳುತ್ತಾರೆ ಎನ್ನುವ ಪಿನ್‌ಕೋಡಿನ ನಡೆಯೇ ಇದು. ನಮ್ಮ ಅಂಚೆ ಇದನ್ನು ಅದಾಗಲೇ ಇಪ್ಪತ್ತೊಂದು ವರ್ಷದಿಂದ ಮಾಡುತ್ತಿತ್ತು.

ಅಷ್ಟರಲ್ಲಿ ಭಾರತದಲ್ಲೂ ಶುರುವಾಗಿತ್ತು. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐದು ಐಐಟಿಗಳೂ ಇದ್ದವು. ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಪಿನ್‌ಕೋಡ್ ಹುಟ್ಟಿದ ದಿನದಂದೇ, ಇಪ್ಪತ್ಮೂರು ವರ್ಷದ ಬಳಿಕ. ಆ ಹೊತ್ತಿಗೆ ಒಳ್ಳೆ ಒಳ್ಳೆ ತುಂಡುಗಳನ್ನು ಮೊದಲು ಬಂದವರು ಹಂಚಿಕೊಂಡಾಗಿತ್ತು. ಇಂದು 140 ಕೋಟಿ ಜನರ ದೇಶಕ್ಕೆ ಹಳೆಯ ಪದ್ಧತಿಯ ವಿಳಾಸ ಕೆಲವೇ ಕೋಟಿ. ಎಂಐಟಿಯೋ 2017ರಲ್ಲಿ, ಬಳಸದೇ ಉಳಿದಿದ್ದರಲ್ಲಿ ಸುಮಾರು 80 ಲಕ್ಷ ವಿಳಾಸಗಳನ್ನು ಮಾರುವುದಾಗಿ ಹೇಳಿತು.

ಒಂದೇ ವಿಳಾಸಕ್ಕೆ ಸಾವಿರ ಮಂದಿ

2011ರ ಫೆಬ್ರುವರಿ 3ರಂದು ಜಾಗತಿಕ ಗೋದಾಮಿನಲ್ಲಿದ್ದ ಹಳೆಯ ವಿಳಾಸಗಳ ಕೊನೆಯ ಐದು ದೊಡ್ಡ ತುಂಡುಗಳನ್ನು ಐದು ಭೂಭಾಗಗಳಿಗೆ ಹಂಚಿದರು. ಅದೇ ಏಪ್ರಿಲ್ 15ರಂದು ಏಷ್ಯಾ–ಪೆಸಿಫಿಕ್ ಭಾಗದ ಪಾಲೂ ತಳ ಕಂಡಿತು. ಅಲ್ಲಿಂದ ಮುಂದೆ ಅಳೆದು ಸುರಿದು ಕೊಡುವುದೇ. ಆದರೆ ನಮ್ಮ ಕಡೆ ಅಗ್ಗದ ಡೇಟಾ ಬಂದು ಮನೆಮನೆಗೆ ಸ್ಮಾರ್ಟ್‌ಫೋನ್ ಬಂದದ್ದು ಅದಾಗಿ ಐದಾರು ವರ್ಷಕ್ಕೆ. ವಿಳಾಸವೇ ಇಲ್ಲದೆ ಇಷ್ಟು ಫೋನುಗಳು ಹೇಗೆ ನಡೆದವು?

ಹಂಚಿಕೊಂಡು. 1994ರಲ್ಲೇ ಬರೆದಿಟ್ಟ ಒಂದು ಉಪಾಯಕ್ಕೆ ಎನ್‌ಎಟಿ ಅಂತ ಹೆಸರು. ದೊಡ್ಡ ವಾಡೆಗೆ ಒಂದೇ ಮನೆ ನಂಬರು, ಒಳಗೆ ಹತ್ತು ಸಂಸಾರ. ಹೊರಗಿನವರಿಗೆ ಕಾಣುವುದು ಒಂದೇ ನಂಬರು. ಬಂದ ಕಾಗದ ಯಾರದು ಎಂದು ಬಾಗಿಲಲ್ಲಿ ಕೂತವನು ನೋಡಿ ಒಳಗೆ ಹಂಚುತ್ತಾನೆ. ಅಂಗಡಿಯ ವೈಫೈನಲ್ಲಿ 192.168 ಎಂದು ಶುರುವಾಗುವ ನಂಬರು ಕಂಡಿದ್ದರೆ ಅದು ವಾಡೆಯ ಒಳಗಿನ ನಂಬರು. ಮೊಬೈಲ್ ಕಂಪನಿಗಳು ಇದನ್ನೇ ದೊಡ್ಡದಾಗಿ ಮಾಡಿದವು. ಸಾವಿರಾರು ಗಿರಾಕಿಗಳು ಒಂದೇ ಹೊರ ವಿಳಾಸದ ಹಿಂದೆ.

ಇದರಲ್ಲಿ ನಷ್ಟ ಇದೆ. ವಾಡೆಯೊಳಗಿನವನು ಹೊರಗೆ ಕಾಗದ ಬರೆದರೆ ಉತ್ತರ ಬರುತ್ತದೆ. ಆದರೆ ಹೊರಗಿನವನು ತಾನಾಗಿ ಅವನನ್ನು ಹುಡುಕಿಕೊಂಡು ಬರಲಾರ. ಹೊಲದ ಮೋಟರಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದ್ದರೆ ಮನೆಯಲ್ಲಿ ಕೂತು ಫೋನ್ ಮಾಡಿ ಚಾಲೂ ಮಾಡುತ್ತೀರಿ. ಫೋನ್ ನಂಬರಿಗೆ ಹೊರಗಿನಿಂದ ಕರೆ ಹೋಗುತ್ತದೆ. ಅದೇ ಹೊಲದಲ್ಲಿ ಸಿಮ್ಮಿನ ಕ್ಯಾಮೆರಾ ಇಟ್ಟರೆ ಸಾಮಾನ್ಯವಾಗಿ ನೇರ ನೋಡಲಾಗದು. ಹಂಚಿಕೊಂಡ ವಿಳಾಸದ ಹಿಂದೆ ಕೂತ ಅದನ್ನು ಹೊರಗಿನಿಂದ ಕರೆಯಲು ಬರುವುದಿಲ್ಲ. ಮಧ್ಯೆ ಯಾವುದೋ ಕಂಪನಿಯ ಸರ್ವರ್ ಬೇಕು. ನಿಮ್ಮ ಹೊಲದ ಚಿತ್ರ ಮೊದಲು ಅವರ ಹತ್ತಿರ ಹೋಗಿ ಆಮೇಲೆ ನಿಮಗೆ ಬರುತ್ತದೆ.

ನನ್ನದೇ ಒಂದು ಅನುಭವ. ಒಂದು ಅರ್ಜಿ ತುಂಬುವ ಕೊನೆಯ ದಿನ. ಪುಟ ತೆರೆದರೆ ‘ನಿಮ್ಮ ವಿಳಾಸದಿಂದ ಅತಿ ಹೆಚ್ಚು ಕೋರಿಕೆ ಬಂದಿವೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂಬ ಸಂದೇಶ. ನಾನು ತೆರೆದದ್ದು ಒಂದೇ ಸಲ! ತಮ್ಮನ ಫೋನಿನಿಂದ ಬೇರೆ ಸಿಮ್ಮಿನ ಹಾಟ್‌ಸ್ಪಾಟ್ ತೆಗೆದುಕೊಂಡ ಮೇಲೆ ಅದೇ ಪುಟ ತಕರಾರಿಲ್ಲದೆ ತೆರೆಯಿತು. ಒಂದೇ ವಿಳಾಸದ ಹಿಂದೆ ಎಷ್ಟೋ ಮಂದಿ ಇದ್ದಾಗ ಹೀಗಾಗುತ್ತದೆ. ಯಾರೋ ಮಾಡಿದ್ದಕ್ಕೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ನನಗೆ ಎರಡನೇ ಸಿಮ್ ಸಿಕ್ಕಿತು. ಇಲ್ಲದವರಿಗೆ ಆ ದಿನ ಹೋಯಿತು.

ಹೊಸ ಪದ್ಧತಿ, ಹಳೇ ತೊಡಕು

ಹಂಚಿಕೊಳ್ಳುವ ಕಷ್ಟಕ್ಕೆ ಮದ್ದು ಐಪಿವಿ6. ಇದರ ಮೊದಲ ನಿಯಮಗಳು 1995ರ ಡಿಸೆಂಬರ್‌ನಲ್ಲೇ ಬಂದವು. ಇದರಲ್ಲಿರುವ ವಿಳಾಸಗಳ ಎಣಿಕೆ ಬರೆಯಲು 39 ಅಂಕಿ ಬೇಕು. ಹೊಲದ ಒಂದೊಂದು ತೊಗರಿ ಕಾಳಿಗೂ ಕೊಟ್ಟರೂ ಮುಗಿಯದು. ಹಳೆಯ ವಿಳಾಸ ಧಾರಾಳವಾಗಿದ್ದ ದೇಶಗಳು ಇದಕ್ಕೆ ಬಹಳ ಕಾಲ ಅವಸರ ಮಾಡಲಿಲ್ಲ. ನಮಗೆ ಬೇರೆ ದಾರಿ ಇರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಶುರುವಾದ ಜಿಯೋ ಮೊದಲಿನಿಂದಲೇ ಐಪಿವಿ6 ಬಳಸಿತು. ಉಳಿದ ಕಂಪನಿಗಳೂ ಹಿಂದೆ ಬಂದವು. ಇಂದು ಭಾರತದ ಇಂಟರ್ನೆಟ್ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಹೊಸ ವಿಳಾಸದ ಮೇಲಿದ್ದಾರೆ. ಈ ಲೆಕ್ಕದಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು.

ಹಾಗಾದರೆ ಕಥೆ ಮುಗಿಯಿತೇ? ಇಲ್ಲ. ವಿಳಾಸ ಬೇಕಾದಷ್ಟು ಬಂತು, ಬೋರ್ಡಿನ ಸಮಸ್ಯೆ ಹೋಗಲಿಲ್ಲ.

ಯಾಕೆ ಎಂದು ನೋಡೋಣ. ಕೊಡಂಬಲದವನೊಬ್ಬ ಪುಣೆಗೆ ಹೋಗಿ ನೆಲೆಸಿದ. ಆದರೆ ತನ್ನ 585ರ ವಿಳಾಸ ಬಿಡಲೊಲ್ಲೆ ಅನ್ನುತ್ತಾನೆ ಎಂದುಕೊಳ್ಳಿ. ಆಗ ದೇಶದ ಎಲ್ಲ ಅಂಚೆ ಕಚೇರಿಗಳೂ ಅವನೊಬ್ಬನಿಗಾಗಿ ಒಂದು ಸಾಲು ಬರೆದುಕೊಳ್ಳಬೇಕು: ‘585 ಅಂದರೆ ಕಲಬುರಗಿ, ಇವನೊಬ್ಬನನ್ನು ಬಿಟ್ಟು.’ ಇಂಥವರು ಲಕ್ಷ ಮಂದಿಯಾದರೆ ಪಿನ್‌ಕೋಡಿನ ಉಪಯೋಗವೇ ಹೋಯಿತು.

ಇಂಟರ್ನೆಟ್ಟಿನಲ್ಲಿ ಆಗುತ್ತಿರುವುದು ಇದೇ. ಕಂಪನಿಯೊಂದು ಇಂಟರ್ನೆಟ್ ಕೊಡುವವರನ್ನು ಬದಲಾಯಿಸುತ್ತದೆ, ಹಳೇ ವಿಳಾಸ ಬಿಡುವುದಿಲ್ಲ. ಬ್ಯಾಂಕೊಂದು ಒಂದು ತಂತಿ ಕಡಿದರೆ ಇನ್ನೊಂದಿರಲಿ ಎಂದು ಇಬ್ಬರಿಂದ ಸಂಪರ್ಕ ಪಡೆಯುತ್ತದೆ. ಅವರವರ ಮಟ್ಟಿಗೆ ಇವೆಲ್ಲ ಸರಿಯೇ. ಆದರೆ ಪ್ರತಿಯೊಂದಕ್ಕೂ ಜಗತ್ತಿನ ದೊಡ್ಡ ರೂಟರುಗಳಲ್ಲೆಲ್ಲ ಒಂದೊಂದು ಹೆಚ್ಚಿನ ಸಾಲು. 2014ರ ಆಗಸ್ಟ್ 12ರಂದು ಈ ಸಾಲುಗಳು 5 ಲಕ್ಷ 12 ಸಾವಿರ ದಾಟಿದವು. ಅಷ್ಟಕ್ಕೇ ಜಾಗ ಇಟ್ಟುಕೊಂಡಿದ್ದ ಹಳೆಯ ರೂಟರುಗಳು ತಡವರಿಸಿ ಹಲವು ಕಡೆ ಇಂಟರ್ನೆಟ್ ಕೈಕೊಟ್ಟಿತು. ಈಗ ಅದೇ ಪಟ್ಟಿ 10 ಲಕ್ಷದ ಆಸುಪಾಸಿನಲ್ಲಿದೆ. ಹೆಚ್ಚು ನೆನಪಿನ, ಹೆಚ್ಚು ಬೆಲೆಯ ಯಂತ್ರಗಳನ್ನು ಹಾಕಿ ನಡೆಸುತ್ತಿದ್ದಾರೆ.

2006ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಟರ್ನೆಟ್ ತಜ್ಞರು ಇದಕ್ಕೆಂದೇ ಸಭೆ ಸೇರಿ ಕಾರಣ ಹುಡುಕಿದರು. ಅವರಿಗೆ ಸಿಕ್ಕ ಮೂಲ ದೋಷ ಸರಳ. ಐಪಿ ವಿಳಾಸ ಒಂದೇ ಸಂಖ್ಯೆಯಲ್ಲಿ ಎರಡು ಮಾತು ಹೇಳುತ್ತದೆ. ‘ನೀನು ಯಾರು’ ಎಂಬುದನ್ನೂ ಹೇಳುತ್ತದೆ, ‘ನೀನು ಎಲ್ಲಿದ್ದೀ’ ಎಂಬುದನ್ನೂ ಹೇಳುತ್ತದೆ. ಎಲ್ಲಿದ್ದೀ ಎಂಬುದು ಬದಲಾದರೆ ಯಾರು ಎಂಬುದೂ ಕೆಡುತ್ತದೆ. ಯಾರು ಎಂಬುದನ್ನು ಉಳಿಸಿಕೊಳ್ಳಲು ಹೋದರೆ ಬೋರ್ಡು ಬೆಳೆಯುತ್ತದೆ. ಎರಡನ್ನೂ ಬೇರ್ಪಡಿಸಬೇಕು ಎಂಬ ವಿಚಾರದಿಂದ ಹಲವು ಪದ್ಧತಿಗಳು ಬಂದವು. ಅವುಗಳಲ್ಲೊಂದಾದ ಲಿಸ್ಪ್‌ನ ನಿಯಮಗಳು 2013ರಲ್ಲಿ ಪ್ರಕಟವಾದವು. ಹೆಸರಿಗೆ ಒಂದು ಸಂಖ್ಯೆ, ಜಾಗಕ್ಕೆ ಇನ್ನೊಂದು, ಎರಡನ್ನೂ ಕೂಡಿಸಿ ಹೇಳಲು ನಡುವೆ ಒಂದು ಖಾತೆ ಪುಸ್ತಕ. ಕೆಲವು ಜಾಲಗಳ ಒಳಗೆ ಇಂಥವು ನಡೆಯುತ್ತಿವೆ. ಇಡೀ ಇಂಟರ್ನೆಟ್ ಮಾತ್ರ ಹಳೇ ದಾರಿಯಲ್ಲೇ ಇದೆ.

ಇದು ನಿಮಗೆ ಗೊತ್ತಿರುವ ಉಪಾಯವೇ

ಇದು ದೊಡ್ಡವರ ದೊಡ್ಡ ಮಾತು ಅನ್ನಿಸಬಹುದು. ಆದರೆ ಇದೇ ಕೆಲಸ ನಿಮ್ಮ ಫೋನ್ ನಂಬರಿಗೆ ಆಗಿಹೋಗಿದೆ.

ಮೊದಲು 9448 ಅಂದರೆ ಬಿಎಸ್‌ಎನ್‌ಎಲ್, ಅದೂ ಕರ್ನಾಟಕದ್ದು. ನಂಬರು ನೋಡಿದರೆ ಕಂಪನಿ, ರಾಜ್ಯ ಎರಡೂ ತಿಳಿಯುತ್ತಿದ್ದವು. ಕಂಪನಿ ಬಿಟ್ಟರೆ ನಂಬರೂ ಬಿಡಬೇಕಿತ್ತು. 2011ರ ಜನವರಿ 20ರಂದು ದೇಶದೆಲ್ಲೆಡೆ ‘ನಂಬರು ಅದೇ, ಕಂಪನಿ ಬೇರೆ’ ಸೌಲಭ್ಯ ಬಂತು. ಆದರೆ ರಾಜ್ಯ ದಾಟುವ ಹಾಗಿರಲಿಲ್ಲ. ಗಡಿಯಲ್ಲಿರುವ ನಮಗೆ ಅದೇ ಮುಖ್ಯ. ಹುಮನಾಬಾದದಿಂದ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರಿಗೆ ಊರಿನಿಂದ ಬಂದ ಕರೆ ಎತ್ತಿದರೂ ರೋಮಿಂಗ್ ದುಡ್ಡು ಕಟ್ಟಾಗುತ್ತಿದ್ದ ಕಾಲ ಅದು. ಬಹಳ ಮಂದಿ ಅಲ್ಲಿಗೊಂದು, ಇಲ್ಲಿಗೊಂದು ಸಿಮ್ ಇಟ್ಟುಕೊಂಡಿದ್ದರು. ‘ಹಳೇ ನಂಬರ್ ಬಂದ್ ಅದ, ಹೊಸಾದು ಬರ್ಕೋ’ ಎಂಬ ಮಾತು ಎಷ್ಟು ಸಲ ಕೇಳಿದ್ದೇವೆ! 2015ರ ಜುಲೈ 3ರಿಂದ ರಾಜ್ಯ ದಾಟಿದರೂ ನಂಬರು ಉಳಿಯಿತು.

ಹೇಗೆ ಉಳಿಯಿತು? ನೀವು ಕರೆ ಮಾಡಿದಾಗ ನಿಮ್ಮ ಕಂಪನಿ ಮೊದಲು ಒಂದು ಖಾತೆ ನೋಡುತ್ತದೆ: ಈ ನಂಬರು ಈಗ ಯಾರ ಹತ್ತಿರ ಇದೆ? ಅಲ್ಲಿಂದ ಒಂದು ದಾರಿ ಸಂಖ್ಯೆ ಸಿಗುತ್ತದೆ. ಕರೆ ಆ ದಾರಿ ಹಿಡಿಯುತ್ತದೆ. ನಿಮ್ಮ ಹತ್ತು ಅಂಕಿ ಈಗ ಜಾಗ ಹೇಳುವುದಿಲ್ಲ, ಹೆಸರು ಹೇಳುತ್ತದೆ. ಜಾಗ ಖಾತೆಯಲ್ಲಿದೆ. ಆಮ್‌ಸ್ಟರ್‌ಡ್ಯಾಮ್ ಸಭೆಯವರು ಇಂಟರ್ನೆಟ್ಟಿಗೆ ಬೇಕು ಅಂದದ್ದು ಇದನ್ನೇ.

ಇದರಲ್ಲಿ ಒಂದು ಎಚ್ಚರವೂ ಬೇಕು. ಖಾತೆ ಯಾರ ಕೈಯಲ್ಲಿದೆಯೋ ಅವರಿಗೆ ನೀವು ಎಲ್ಲಿದ್ದೀರಿ ಎಂದು ಗೊತ್ತು. ಖಾತೆ ನಿಂತರೆ ದಾರಿಯೂ ನಿಂತಿತು. ಇಂಟರ್ನೆಟ್ಟಿನವರು ಇನ್ನೂ ಹಿಂದೆಮುಂದೆ ನೋಡುತ್ತಿರುವುದಕ್ಕೆ ಇದೂ ಒಂದು ಕಾರಣ. ಒಂದು ದೇಶದ ಫೋನಿಗೆ ಖಾತೆ ಇಡಲು ಸರ್ಕಾರದ ನಿಯಮ ಇದೆ. ಇಡೀ ಜಗತ್ತಿನ ಇಂಟರ್ನೆಟ್ಟಿಗೆ ಖಾತೆ ಇಡುವವರು ಯಾರು?

ಹಿಂದೆ ಊರಿನ ಮಟ್ಟಿಗೆ ಆ ಖಾತೆ ಪೋಸ್ಟ್‌ಮನ್ ತಲೆಯಲ್ಲಿತ್ತು. ಮಗ ಪುಣೆಗೆ ಹೋಗಿದ್ದಾನೆ, ಸೊಸೆ ಬಸವಕಲ್ಯಾಣದ ತವರಿಗೆ ಹೋಗಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಹೆಸರು ಹಾಗೇ ಬಿಟ್ಟು, ಕೆಳಗಿನ ಊರಿನ ಸಾಲಿಗೆ ಗೀಟು ಹಾಕಿ, ಪಕ್ಕದಲ್ಲಿ ಹೊಸ ಊರು ಬರೆದು ಕಾರ್ಡನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದ.

ಓದಿ ಮುಗಿದ ಮೇಲೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ಐಪಿ ವಿಳಾಸ ಎಲ್ಲಿದೆ ಹುಡುಕಿ. ಡೇಟಾ ಚಾಲೂ ಇರಲಿ, ವೈಫೈ ಬಂದ್ ಇರಲಿ. 10 ಅಥವಾ 100ರಿಂದ ಶುರುವಾಗುವ ಚಿಕ್ಕ ಸಂಖ್ಯೆ ಕಂಡರೆ ಅದು ವಾಡೆಯ ಒಳಗಿನ ನಂಬರು, ನೀವು ಹಂಚಿಕೊಂಡ ವಿಳಾಸದ ಹಿಂದಿದ್ದೀರಿ. 24ರಿಂದ ಶುರುವಾಗಿ ನಡುನಡುವೆ ಎರಡು ಚುಕ್ಕಿ ಇರುವ ಉದ್ದ ಸಂಖ್ಯೆಯೂ ಕಂಡರೆ ಅದು ನಿಮ್ಮ ಫೋನಿಗೇ ಕೊಟ್ಟ ಹೊಸ ವಿಳಾಸ. ಆ 24 ಏಷ್ಯಾ–ಪೆಸಿಫಿಕ್ ಭಾಗದ ಗುರುತು, ನಮ್ಮ ಪಿನ್‌ಕೋಡಿನ 5 ಇದ್ದ ಹಾಗೆ. ಹಾಗೆಯೇ ಮನೆಯ ಹಳೇ ಟ್ರಂಕಿನಲ್ಲಿ ಗೀಟು ಹಾಕಿ ಊರು ತಿದ್ದಿದ ಅಂಚೆ ಕಾರ್ಡು ಸಿಕ್ಕರೆ ಜೋಪಾನವಾಗಿ ತೆಗೆದಿಡಿ.